ಸುಡಾನಿನ ಗೋಡೆಗೆ ಹಲಬರ್ಗಾದ ಹಗ್ಗ

ಬಂದರು

ಪೋರ್ಟ್ ಸುಡಾನಿನಲ್ಲಿ ಹಡಗಿನಿಂದ ಇಳಿದ ಕೂಡಲೆ ಕಾಗದ ನೋಡುವ ಸಾಹೇಬ ಕೇಳಿದ ಮೊದಲನೆಯ ಪ್ರಶ್ನೆಗೇ ನಾನು ಸಿಕ್ಕಿಬಿದ್ದೆ. "ಮೈಸೂರು ಎಲ್ಲಿದೆ?" ಎಂದ. ನನಗೇನು ಗೊತ್ತು? ನಾನು ಹುಟ್ಟಿದ್ದು, ಉರ್ದು ಸಾಲೆ ಕಲಿತದ್ದು, ಮದುವೆಯಾದದ್ದು ಎಲ್ಲ ಹೈದರಾಬಾದ್ ರಾಜ್ಯದಲ್ಲಿ. ಹಿಂದಿನ ವರ್ಷ ನಮ್ಮ ಬೀದರನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ್ದರು. ಮೈಲೂರಿನ ನಮ್ಮ ಮನೆ ಇದ್ದಲ್ಲೇ ಇತ್ತು, ಎದುರಿನ ಬೇವಿನ ಮರವೂ ಇದ್ದಲ್ಲೇ ಇತ್ತು. ನಾವು ಮಾತ್ರ ಮೈಸೂರಿನವರಾಗಿದ್ದೆವು. "ದಕ್ಷಿಣಕ್ಕೆ ಇದೆ ಸಾಹೇಬರೇ, ನಾನಿನ್ನೂ ನೋಡಿಲ್ಲ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವಂತ ರಾಜ್ಯವನ್ನೇ ನೋಡದವನು ಸುಡಾನಿಗೆ ಯಾಕೆ ಬಂದ ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಠಸ್ಸೆ ಒತ್ತಿದ.

ಬಂದದ್ದು ಹತ್ತಿಯ ಕೆಲಸಕ್ಕೆ. ಭಾಲ್ಕಿಯ ಒಂದು ಹತ್ತಿ ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಅಲ್ಲಿನ, ಹತ್ತಿಯನ್ನು ಒತ್ತಿ ಗಾಂಟು ಕಟ್ಟುವ ಹಳೆಯ ಪ್ರೆಸ್ಸನ್ನು ನಮ್ಮ ಸಾವುಕಾರರು ಸುಡಾನಿನ ಒಬ್ಬ ವ್ಯಾಪಾರಿಗೆ ಮಾರಿದ್ದರು. ಬಿಚ್ಚಿದ ಪ್ರೆಸ್ಸಿನ ಜೊತೆಗೆ ಅದನ್ನು ಜೋಡಿಸಿ, ಓಡಿಸಿ ತೋರಿಸಿ ಬರಲು ನನ್ನನ್ನೂ ಕಳಿಸಿದರು. ಭಾರ ಎತ್ತಿ ಕೂಡಿಸಲು ಹಗ್ಗ ಬಲ್ಲ ಒಬ್ಬ ಬೇಕು ಎಂದೆ. ಹಾಗೆ ಬಂದವನು ಮಾಣಿಕಪ್ಪ, ನನ್ನ ಹೆಂಡತಿ ನೀಲಮ್ಮನ ಅಣ್ಣ, ಹಲಬರ್ಗಾದವನು. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ಮನೆಯ ಅಳಿಯ ಎಂದು ನನಗೆ 'ರಿ' ಹಚ್ಚಿಯೇ ಮಾತಾಡುತ್ತಿದ್ದ. ಗಂಟು ಹಾಕುವುದರಲ್ಲಿ ಅವನಂಥವನನ್ನು ನಾನು ಕಂಡಿಲ್ಲ. ಮೊಂಡುತನದಲ್ಲೂ ಕಂಡಿಲ್ಲ.

ನೀಲಮ್ಮನಿಗೆ ಆಗ ಐದು ತಿಂಗಳು, ಚೊಚ್ಚಿಲ. ಎರಡು ತಿಂಗಳಲ್ಲಿ ಬರುತ್ತೇನೆ ಎಂದು ನಾನು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣನ ಕಡೆ ತಿರುಗಿ, "ಹೆರಿಗಿ ಆಗೋದ್ರೊಳಗ ಇವ್ರಿಗಿ ಕರಕೊಂಡು ಬರ್ಬೇಕಣ್ಣಾ, ನಿನ್ನ ಮ್ಯಾಲ ಅದ" ಎಂದಳು. "ಬರ್ತೇವಿ ತಂಗಿ" ಎಂದು ಅವನು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಗಂಡನ ಮಾತಿಗಿಂತ ಅಣ್ಣನ ಮಾತಿಗೆ ಬೆಲೆ ಹೆಚ್ಚು ಎಂದು ನಾನು ಮುಖ ಊದಿಸಿಕೊಂಡದ್ದು ಬೇರೆ ಮಾತು.

ಊರೊಳಗೆ ಅಂಗಡಿಗಳ ಫಲಕಗಳನ್ನೆಲ್ಲ ಗಡಗಡ ಓದಿದೆ. ಉರ್ದು ಕಲಿತವನಿಗೆ ಅರಬಿ ಅಕ್ಷರ ಕಷ್ಟವೇನಲ್ಲ. ಮಾಣಿಕಪ್ಪ ಹೆಮ್ಮೆಯಿಂದ, "ಏನ್ ಬರದಾರರಿ?" ಎಂದು ಕೇಳಿದ. ಒಂದೂ ತಿಳಿದಿರಲಿಲ್ಲ. "ಸಾಬೂನು" ಎಂದೆ. ಅದೊಂದು ನಿಜವಾಗಿಯೂ ಸಾಬೂನಿನ ಅಂಗಡಿಯಾಗಿತ್ತು. ಆಮೇಲೆ ಕುರ್ಸಿ, ಸಂದೂಕು, ಹವಾ ಎಂಬ ಶಬ್ದಗಳು ಸಿಕ್ಕವು. ಪರದೇಶದಲ್ಲಿ ನಮ್ಮ ಬೀದರಿನ ಓಣಿಯವರೇ ಸಿಕ್ಕಷ್ಟು ಸಂತೋಷವಾಯಿತು.

ಹಲಗೆ

ವ್ಯಾಪಾರಿಯ ಗೋದಾಮು ಊರ ಹೊರಗೆ ದಂಡೆಯಲ್ಲಿತ್ತು. ಅಲ್ಲಿನ ಸಮುದ್ರ ನಾನು ಬೊಂಬಾಯಿಯಲ್ಲಿ ಕಂಡ ಸಮುದ್ರದಂಥದ್ದಲ್ಲ. ಮೊಣಕಾಲು ಮಟ್ಟದ ತಿಳಿ ನೀರಿನಲ್ಲಿ ಹವಳದ ಕಲ್ಲಿನ ಮೇಲೆ ಎಂಬತ್ತು ಹೆಜ್ಜೆ ಹೋಗಬಹುದು. ಆಮೇಲೆ ಕಲ್ಲು ಮುಗಿಯುತ್ತದೆ. ಮುಗಿಯುತ್ತದೆ ಎಂದರೆ ಕೊಡಲಿಯಿಂದ ಕಡಿದಂತೆ ಮುಗಿದು, ನೆಟ್ಟಗೆ ಗೋಡೆಯಾಗಿ ಕೆಳಗೆ ಇಳಿಯುತ್ತದೆ. ಗೋಡೆಯಾಚೆ ನೀರು ಕಡು ನೀಲಿ. ವ್ಯಾಪಾರಿ ಗೋಡೆಯ ಅಂಚಿನವರೆಗೆ ಮರದ ಅಟ್ಟಣಿಗೆ ಕಟ್ಟಿಸಿದ್ದ. ಸಾಮಾನಿನ ದೋಣಿಗಳು ಅದಕ್ಕೆ ಬಂದು ತಾಗಿ ನಿಲ್ಲುತ್ತಿದ್ದವು.

ಪ್ರೆಸ್ಸಿನ ದೊಡ್ಡ ಭಾಗಗಳೆಲ್ಲ ಸುರಕ್ಷಿತ ಇಳಿದವು. ಉಳಿದದ್ದು ಕಂಚಿನ ಬುಷ್ಷು ಒಂದೇ. ಪ್ರೆಸ್ಸಿನ ನಡುವಿನ ತಿರುಪು ಕೂರುವ ದಪ್ಪ ಬಳೆ ಅದು, ಹದಿನೈದು ಸೇರು ತೂಕ. ಅದಿಲ್ಲದಿದ್ದರೆ ಪ್ರೆಸ್ಸು ಬರೀ ಕಬ್ಬಿಣದ ರಾಶಿ. ಅದಕ್ಕೇ ಮಾಣಿಕಪ್ಪ, "ಇದು ಕೂಲಿಯವ್ರ ಕೈಲಿ ಬ್ಯಾಡ್ರಿ, ನಾನೇ ತರ್ತೇನಿ" ಎಂದು ಹೆಗಲ ಮೇಲೆ ಹೊತ್ತ. ದೋಣಿಯಿಂದ ಅಟ್ಟಣಿಗೆಗೆ ಹಾಕಿದ ಹಲಗೆಯ ನಡುವಿಗೆ ಬಂದ. ಅಲ್ಲಿ ಕೆಳಗೆ ನೋಡಿದ. ಜೀವಮಾನದಲ್ಲಿ ಮೊದಲ ಸಲ, ಗೋಡೆಯ ಕೆಳಗಿನ ಆ ನೀಲಿಯನ್ನು ನೋಡಿದ. ಎರಡೂ ಕೈ ಎತ್ತಿ ಮುಗಿದ.

ಬುಷ್ಷು ಒಂದೇ ಸಲ ಗುಳುಮ್ ಎಂದಿತು.

ನನಗೆ ಮೂಗಿನ ಮೇಲೆ ಸಿಟ್ಟು.

"ಅಳ್ಯಾರ, ಗಂಗವ್ವಗ ಕೈ ಮುಗೀಲಾರ್ದ ಹ್ಯಾಂಗ ದಾಟ್ಲಿರಿ?" ಎಂದ ಅವನು.

"ಒಂದ ಕೈ ಎತ್ತಿದ್ರ ನಡೀತಿದ್ದಿಲ್ಲೇನು ಭಾವ?"

"ಒಂದ ಕೈ ಎತ್ತಿದ್ರ ಅದು ಸಲಾಮ್ ಆಗ್ತದರಿ. ಶರಣಾರ್ಥಿ ಹ್ಯಾಂಗ ಆಗ್ತದ?"

ನಾನು ಅಟ್ಟಣಿಗೆಯ ಮೇಲೆ ತಲೆ ಹಿಡಿದು ಕುಳಿತೆ. ಹೊಸ ಬುಷ್ಷು ಬೊಂಬಾಯಿಯಲ್ಲಿ ಎರಕ ಹೊಯ್ದು, ಕಡೆದು, ಹಡಗಿಗೆ ಹಾಕಿ ಇಲ್ಲಿಗೆ ಬರಬೇಕೆಂದರೆ ನಾಲ್ಕು ತಿಂಗಳು. ಪ್ರೆಸ್ಸು ಓಡಿಸಿ ತೋರಿಸದೆ ನಮ್ಮನ್ನು ಬಿಡುವುದಿಲ್ಲ ಎಂದು ಕರಾರಿತ್ತು. ನೀಲಮ್ಮನ ಹೆರಿಗೆ ನಮಗಾಗಿ ಕಾಯುವುದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಮಾಣಿಕಪ್ಪನ ಮುಖ ಇಷ್ಟೇ ಆಗಿತ್ತು.

ಗೋದಾಮಿನ ಕಾವಲುಗಾರ ಉಸ್ಮಾನ್ ತಳಕ್ಕೆ ಗಾಜು ಕೂಡಿಸಿದ ಒಂದು ಡಬ್ಬಿ ತಂದ. ಮೀನು ನೋಡಲು ಅವರು ಬಳಸುವುದು. ಅದನ್ನು ನೀರಿಗೆ ಒತ್ತಿ ಇಣುಕಿದೆ. ಜೀವ ಬಂದಂತಾಯಿತು. ಗೋಡೆಯಲ್ಲಿ ಒಂದು ಕಡೆ ಜಗಲಿಯಂತೆ ಹೊರಬಂದ ಕಲ್ಲಿನ ಚಾಚು. ಅದರ ಮೇಲೆ ನಮ್ಮ ಬುಷ್ಷು ಬಿಸಿಲಿಗೆ ಹೊಳೆಯುತ್ತ ಕೂತಿತ್ತು. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದೆವು: ಎಂಟಾಳು ಆಳ. ಚಾಚಿನಾಚೆಗೆ ಇಪ್ಪತ್ತಾಳು ಹಗ್ಗ ಬಿಟ್ಟರೂ ಕಲ್ಲಿಗೆ ತಳ ಹತ್ತಲಿಲ್ಲ.

ಎರಡು ದಿನ ಮಾಣಿಕಪ್ಪ ಪಾತಾಳಗರಡಿ ಹಾಕಿದ. ಹಲಬರ್ಗಾದಲ್ಲಿ ಬಾವಿಗೆ ಬಿದ್ದ ಕೊಡಗಳನ್ನು ಅವನು ಕೊಕ್ಕೆಗಳ ಆ ಗೊಂಚಲಿನಿಂದ ಕಣ್ಣು ಮುಚ್ಚಿ ಎತ್ತುತ್ತಿದ್ದ. ಆದರೆ ನಮ್ಮ ಬಾವಿಯ ಗೋಡೆ ನುಣುಪು. ಇಲ್ಲಿನ ಗೋಡೆಗೆ ಮೈಯೆಲ್ಲ ಬೆರಳು. ಮೂರು ಗರಡಿಗಳು ಹವಳಕ್ಕೆ ಸಿಕ್ಕಿ ಅಲ್ಲೇ ಉಳಿದವು.

ಶುಂಠಿ ಕಾಫಿ

ಉಸ್ಮಾನನಿಗೆ ತಲೆಯ ಮೇಲೆ ಬುಟ್ಟಿಯಷ್ಟು ಗುಂಗುರು ಕೂದಲು, ಅದರಲ್ಲಿ ಸಿಕ್ಕಿಸಿದ ಮರದ ಬಾಚಣಿಗೆ. ದಿನಕ್ಕೆ ನಾಲ್ಕು ಸಲ ಕಾಫಿ ಬೀಜ ಹುರಿದು, ಶುಂಠಿ ಕುಟ್ಟಿ ಹಾಕಿ ಕುದಿಸುತ್ತಿದ್ದ. ಕಪ್ಪು ಇಷ್ಟೇ ಇಷ್ಟು, ನಮ್ಮ ಕಡೆ ಮಗುವಿಗೆ ಔಷಧ ಹಾಕುವಷ್ಟು. ಒಂದು ಕುಡಿದು ಏಳುವ ಹಾಗಿಲ್ಲ, ಎರಡಕ್ಕೆ ನಿಲ್ಲಿಸಿದರೆ ಅಪಶಕುನ, ಮೂರು ಆಗಬೇಕು. ಕುಶಲ ವಿಚಾರಣೆಯೂ ಹಾಗೇ. ನೀನು ಹೇಗಿದ್ದೀ, ಮನೆಯವರು ಹೇಗಿದ್ದಾರೆ, ಒಂಟೆಗಳು ಹೇಗಿವೆ ಎಂದು ಮುಗಿಯುವುದೇ ಇಲ್ಲ. ಔರಾದಿನ ಬಸ್ಸು ಕಾಯುತ್ತ ಸಂತಪುರದ ಹಿರಿಯರು ಮಳೆ, ಬೆಳೆ, ಎತ್ತು ಎಂದು ಒಂದೊಂದಾಗಿ ಕೇಳುವುದು ನೆನಪಾಗಿ, ಮಾಣಿಕಪ್ಪ ಅಲ್ಲಿಗೆ ಬೇಗ ಹೊಂದಿಕೊಂಡ. ತನಗೆ ಒಂಟೆ ಇಲ್ಲ, ಒಂದು ಜೋಡಿ ಎತ್ತಿವೆ, ಆರಾಮಿವೆ ಎಂದು ಕನ್ನಡದಲ್ಲೇ ಹೇಳುತ್ತಿದ್ದ. ಉಸ್ಮಾನ್ ದೇವರ ಹೆಸರೆತ್ತಿ ಸಂತೋಷಪಡುತ್ತಿದ್ದ.

ಆ ಕಾಫಿಗೆ ಕೋಸ್ತಾ ಬರುತ್ತಿದ್ದ. ಗ್ರೀಕರವನು, ಐವತ್ತರ ಸುಮಾರು. ಹಡಗುಗಳ ಅಡಿಯನ್ನು ನೀರೊಳಗೆ ಇಳಿದು ಕೆರೆಯುವುದು ಅವನ ಕಸುಬು. ಹವೆ ತುಂಬಿದ ಕಬ್ಬಿಣದ ಕೊಳವೆಯನ್ನು ಬೆನ್ನಿಗೆ ಕಟ್ಟಿಕೊಂಡು, ಅದರಿಂದ ಬರುವ ರಬ್ಬರ್ ನಳಿಕೆಯನ್ನು ಬಾಯಲ್ಲಿ ಕಚ್ಚಿ, ಅರ್ಧ ತಾಸು ನೀರೊಳಗೇ ಉಸಿರಾಡುತ್ತಾನೆ ಎಂದು ಉಸ್ಮಾನ್ ಹೇಳಿದಾಗ ನಾನು ನಂಬಲಿಲ್ಲ. ಕೋಸ್ತಾ ಅದನ್ನು ತಂದೇ ತೋರಿಸಿದ. ಫಿಟ್ಟರನ ಕಣ್ಣು ನೋಡಿ. ಬಿಚ್ಚಿ ಜೋಡಿಸಬೇಕೆಂದು ಕೈ ತುರಿಸಿತು.

ಆದರೆ ಕೋಸ್ತಾನ ಒಂದು ಕಿವಿಯಲ್ಲಿ ಹತ್ತಿ. ಕಿವಿ ಒಡೆದು, ಡಾಕ್ಟರರು ಎರಡು ತಿಂಗಳು ನೀರಿಗೆ ಇಳಿಯಬೇಡ ಎಂದಿದ್ದರು. ಅರಬಿಯನ್ನೂ ಒಡಕು ಇಂಗ್ಲಿಷನ್ನೂ ಕಲಸಿ, ಅವನು ಹೇಳಿದ್ದು ಇಷ್ಟು: "ನಾನು ಇಳಿಯಲಾರೆ. ನಿಮ್ಮಲ್ಲಿ ಈಜು ಬಲ್ಲವನು ಯಾರು? ಅವನಿಗೆ ಕಲಿಸುತ್ತೇನೆ."

ಈಜು ಬಲ್ಲವನು ನಾನು. ಬಾವಿಯಲ್ಲಿ ಕಲಿತವನು. ಮಾಣಿಕಪ್ಪ ಹಗ್ಗ ಹಿಡಿಯುವವನು, ನೀರಿಗೆ ಇಳಿಯುವವನಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬಾವಿಯ ತಳದಿಂದ ಏನಾದರೂ ತೆಗೆಯಲು ಒಬ್ಬ ಮುಳುಗಿದರೆ, ಒಬ್ಬ ಮೇಲೆ ಹಗ್ಗ ಹಿಡಿಯುತ್ತಾನೆ. ಕೆಳಗಿನವನು ಉಸಿರು ಹಿಡಿದಾಗ ಮೇಲಿನವನೂ ಹಿಡಿಯುತ್ತಾನೆ. ಮೇಲಿನವನ ಉಸಿರು ತೀರಿತೆಂದರೆ ಹಗ್ಗ ಎಳೆಯಬೇಕು. ಕೆಳಗಿನವನು ಸನ್ನೆ ಮಾಡಲಿ, ಬಿಡಲಿ. ಗಡಿಯಾರವಿಲ್ಲದ ಊರಿನಲ್ಲಿ ಎದೆಯೇ ಗಡಿಯಾರ. ಹನ್ನೆರಡು ವರ್ಷದ ಹಿಂದೆ ಹಲಬರ್ಗಾದ ಬಾವಿಯಲ್ಲಿ ಮಾಣಿಕಪ್ಪನ ಜೊತೆಗಾರ ರೇವಪ್ಪ ಮುಳುಗಿದ್ದ. ಮಾಣಿಕಪ್ಪನ ಉಸಿರು ತೀರಿತು. ರೇವಪ್ಪ ಗಟ್ಟಿಗ, ಇನ್ನೊಂದು ಉಸಿರಿನಷ್ಟು ಹೊತ್ತು ನೋಡೋಣ ಎಂದು ಇವನು ಇನ್ನೊಂದು ಉಸಿರು ತೆಗೆದುಕೊಂಡ. ಆಮೇಲೆ ಎಳೆದಾಗ ರೇವಪ್ಪ ಬಂದ, ಅವನ ಉಸಿರು ಬರಲಿಲ್ಲ. ಅಲ್ಲಿಂದ ಮುಂದೆ ಮಾಣಿಕಪ್ಪ ಯಾವ ಬಾವಿಯ ಮೇಲೂ ಎರಡನೆಯ ಉಸಿರು ತೆಗೆದುಕೊಂಡವನಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ, ನನಗೂ ಗೊತ್ತಿತ್ತು. ಆದರೆ ಕೋಸ್ತಾನ ಕೈಯಲ್ಲಿ ಒಳ್ಳೆಯ ಗಡಿಯಾರವಿತ್ತು. ಗಡಿಯಾರ ಇರುವಾಗ ಎದೆಯ ಮಾತು ಯಾಕೆ ಎಂದು ನಾನು ಅದನ್ನು ಮರೆತೇಬಿಟ್ಟೆ. ಮುಂದಿನ ಫಜೀತಿಗೆಲ್ಲ ಈ ಮರೆವೇ ಕಾರಣ.

ಕೋಸ್ತಾನ ಪಾಟಿ

ನಾಲ್ಕು ದಿನ ಎದೆಮಟ್ಟದ ನೀರಿನಲ್ಲಿ ಪಾಠ. ನನ್ನ ಬಾವಿಯ ವಿದ್ಯೆಯೇ ನನಗೆ ಅಡ್ಡ ಬಂತು. ನೀರಿಗೆ ಮುಖ ತಗುಲಿದ ಕೂಡಲೆ ಉಸಿರು ತಾನಾಗಿ ಕಟ್ಟುತ್ತಿತ್ತು. ಕೋಸ್ತಾ ಬೆನ್ನಿಗೆ ಗುದ್ದುತ್ತಿದ್ದ. "ನಫಸ್, ನಫಸ್!" ಎನ್ನುತ್ತಿದ್ದ. ಉಸಿರು ಎಂದರೆ ನಫಸ್ ಎಂದು ಉರ್ದು ಕಲಿತವನಿಗೆ ಯಾರೂ ಹೇಳಬೇಕಿಲ್ಲ. ನಾನು ತಿಂದ ಗುದ್ದುಗಳನ್ನು ನೋಡಿ ನೋಡಿ ಮಾಣಿಕಪ್ಪನಿಗೂ ಆ ಶಬ್ದ ತಿಳಿಯಿತು.

ಐದನೆಯ ದಿನ ಕೋಸ್ತಾ ಸಾಲೆಯ ಪಾಟಿಯೊಂದನ್ನು ತಂದು ಅಟ್ಟಣಿಗೆಯ ಮೇಲೆ ಇಟ್ಟ. ಇಳಿಯುವ ಮುಂಚೆ ಇಳಿದು ಬಂದಾಗಿರಬೇಕು, ಪಾಟಿಯ ಮೇಲೆ, ಎಂದ. ನನಗೆ ಅವನ ಮೇಲೆ ಗೌರವ ಬಂದದ್ದು ಆಗಲೇ. ನಾನೂ ಯಂತ್ರ ಜೋಡಿಸುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಿಂದ ಜೋಡಿಸುವವನು.

ಮೊದಲು ಗೋಡೆ ಬರೆದ. ಅದರ ಕೆಳಗೆ ಏನೂ ಬರೆಯಲಿಲ್ಲ. "ಬಾವಿಗೆ ತಳ ಇದೆ, ತಪ್ಪಿದರೂ ಅಲ್ಲಿ ನಿಲ್ಲುತ್ತೀ. ಇಲ್ಲಿ ನಿಲ್ಲುವುದಿಲ್ಲ. ನೀರು ತಿಳಿಯಾಗಿರುತ್ತದೆ, ಇಳಿದದ್ದೇ ತಿಳಿಯುವುದಿಲ್ಲ. ಅದಕ್ಕೆ ತಳವನ್ನು ನಾವು ಹಗ್ಗದಲ್ಲಿ ಮಾಡಬೇಕು" ಎಂದ. ನನ್ನ ಸೊಂಟದ ಹಗ್ಗ ಹತ್ತು ಆಳಿಗೆ ಅಟ್ಟಣಿಗೆಯ ಕಂಬಕ್ಕೆ ಗಂಟಾಗಿರಬೇಕು, ಅದಕ್ಕಿಂತ ಒಂದು ಗೇಣೂ ಹೆಚ್ಚು ಸಿಗಬಾರದು. ಆ ಗಂಟನ್ನು ಮಾಣಿಕಪ್ಪ ಹಾಕಿದ. ಕೋಸ್ತಾ ಅದನ್ನು ಎಳೆದು ನೋಡಿ, ಅವನ ಹೆಗಲು ತಟ್ಟಿದ.

ಬೆಳಿಗ್ಗೆಯೇ ಇಳಿಯಬೇಕು, ಹೊತ್ತು ಏರಿದರೆ ಬಡಗಣ ಗಾಳಿ ಏಳುತ್ತದೆ. ಇಳಿಯುವ ಮುಂಚೆ ನಿಂಬೆಯ ಸಿಪ್ಪೆ ನೀರಿಗೆ ಒಗೆದು, ಅದು ಗೋಡೆಯ ಉದ್ದಕ್ಕೆ ಓಡಿದರೆ ಆ ದಿನ ಕೆಲಸ ಇಲ್ಲ. ಮುಖ ಯಾವಾಗಲೂ ಗೋಡೆಯ ಕಡೆ, ನೀಲಿಯ ಕಡೆ ಬೇಡ. ಬುಷ್ಷಿನ ತೂತಿನಲ್ಲಿ ಬೇರೊಂದು ಹಗ್ಗ ತೂರಿಸಿ ಕಟ್ಟಬೇಕು, ಅದನ್ನು ಎತ್ತಿಕೊಂಡು ಬರಬಾರದು. ಒಟ್ಟು ಇಪ್ಪತ್ತು ನಿಮಿಷ. ಮೇಲಿನಿಂದ ಹಗ್ಗ ಒಂದು ಸಲ ಜಗ್ಗಿದರೆ ನಾನೂ ಒಂದು ಸಲ ಜಗ್ಗಬೇಕು: ಆರಾಮ. ನಾನು ಮೂರು ಸಲ ಜಗ್ಗಿದರೆ ಎಳೆಯಬೇಕು.

ಕೊನೆಗೆ ಒಂದು ಮಾತನ್ನು ಪಾಟಿಯ ಮೇಲೆ ಬರೆದು ಮೂರು ಗೆರೆ ಎಳೆದ. ಮೇಲೆ ಬರುವಾಗ ಉಸಿರು ಕಟ್ಟಬಾರದು. ಕೆಳಗೆ ಎಳೆದುಕೊಂಡ ಹವೆ ಮೇಲೆ ಬಂದಂತೆ ಹಿಗ್ಗುತ್ತದೆ. ಬಾಯಿ ಮುಚ್ಚಿದರೆ ಎದೆ ಒಡೆಯುತ್ತದೆ. ಸಣ್ಣ ಗುಳ್ಳೆಗಳಿಗಿಂತ ನಿಧಾನ ಬಾ. "ಉಸಿರು ಬಿಡುತ್ತಾ ಬಾ. ಬಿಡಲು ಬಾರದಿದ್ದರೆ ಹಾಡು ಹೇಳು, ಕೂಗು, ಏನಾದರೂ ಮಾಡು" ಎಂದ.

ನಾನು ಇದೆಲ್ಲವನ್ನೂ ಮಾಣಿಕಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವನು ಮೀನುಗಳ ಬಗ್ಗೆ ಮಾತ್ರ ಕೇಳಿದ. "ದೊಡ್ಡವ ಇರ್ತಾವಂತಲ್ಲರಿ?"

ಕೋಸ್ತಾನನ್ನು ಕೇಳಿದೆ. ಇರುತ್ತವೆ, ಅವಕ್ಕೆ ನಿಮ್ಮ ಹತ್ತಿರ ಕೆಲಸವಿಲ್ಲ ಎಂದ.

"ನಮ್ಗೂ ಅವುರ್ದು ಕೆಲ್ಸಿಲ್ಲ ಅಂತ ಹೇಳ್ರಿ" ಎಂದ ಮಾಣಿಕಪ್ಪ.

ಇಳಿದ ದಿನ

ನಿಂಬೆ ಸಿಪ್ಪೆ ಬಿದ್ದಲ್ಲೇ ತೇಲಿತು. ನಾನು ಇಳಿದೆ.

ಆ ಗೋಡೆಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಕೆಂಪು, ಹಳದಿ, ಊದಾ ಬಣ್ಣದ ಪೊದೆಗಳು. ಅವುಗಳ ನಡುವೆ ಅಂಗೈಯಷ್ಟು ಕಿತ್ತಳೆ ಮೀನುಗಳು, ಸಾಲೆ ಬಿಟ್ಟ ಹೊತ್ತಿನ ಮಕ್ಕಳಂತೆ ಗುಂಪು ಗುಂಪಾಗಿ. ನನ್ನ ಗಡಸು ಉಸಿರು ನನಗೇ ಕೇಳುತ್ತಿತ್ತು. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಚಾಚಿನ ಮೇಲೆ ಮಂಡಿಯೂರಿದಾಗ ಒಂದು ಸಲ, ಬೇಡವೆಂದರೂ, ಹೊರಳಿ ನೀಲಿಯ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದು ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೆ.

ಬುಷ್ಷನ್ನು ಎರಡೂ ಕೈಯಿಂದ ಬಾಚಿ ಓರೆ ಮಾಡಿ, ತೂತಿನೊಳಗೆ ಹಗ್ಗ ತೂರಿಸುತ್ತಿದ್ದೆ. ಸೊಂಟದಲ್ಲಿ ಒಂದು ಜಗ್ಗು. ಮೇಲಿನವರ ಪ್ರಶ್ನೆ. ಕೈ ಖಾಲಿ ಇರಲಿಲ್ಲ. ಬಿಟ್ಟರೆ ಬುಷ್ಷು ಉರುಳುತ್ತದೆ. ಒಂದು ಕ್ಷಣ ತಡೆದು ಉತ್ತರ ಕೊಟ್ಟರಾಯಿತು ಎಂದುಕೊಂಡೆ.

ಆ ಕ್ಷಣ ಸಿಗಲಿಲ್ಲ. ಸೊಂಟಕ್ಕೆ ಎತ್ತು ಕಟ್ಟಿ ಎಳೆದಂತಾಯಿತು. ಬುಷ್ಷು ಕೈ ಜಾರಿತು. ಅದು ಅಂಚಿನ ಕಡೆಗೆ ಹೊರಳಿ ನಿಂತದ್ದನ್ನು ನೋಡಿದೆ. ಅಷ್ಟರಲ್ಲಿ ನಾನು ಗೋಡೆಯ ಮುಂದೆ ಮೇಲಕ್ಕೆ ಹಾರುತ್ತಿದ್ದೆ. ಬಾವಿಯ ಹುಡುಗನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಎದೆ ಉಬ್ಬತೊಡಗಿತು, ಒಳಗಿನಿಂದ ಯಾರೋ ಮೊಣಕೈ ಚಾಚಿದ ಹಾಗೆ. ಪಾಟಿಯ ಮೇಲಿನ ಮೂರು ಗೆರೆಗಳು ಕಣ್ಣ ಮುಂದೆ ಬಂದವು. ಹಾಡು ಎಂದಿದ್ದ. ನನಗೆ ಆಗ ಒಂದು ಹಾಡೂ ನೆನಪಾಗಲಿಲ್ಲ. ಬೈಗುಳ ನೆನಪಾದವು. ಭಾಲ್ಕಿಯ ಕಾರ್ಖಾನೆಯಲ್ಲಿ ಕಲಿತ ಅಷ್ಟೂ ಬೈಗುಳಗಳನ್ನು, ಹೆಂಡತಿಯ ಅಣ್ಣ ಎಂಬುದನ್ನೂ ನೋಡದೆ, ರಬ್ಬರ್ ನಳಿಕೆಯನ್ನು ಕಚ್ಚಿಕೊಂಡೇ ಮಾಣಿಕಪ್ಪನ ಹೆಸರಿಗೆ ಹಚ್ಚಿ ಹಚ್ಚಿ ಕೂಗುತ್ತ ಬಂದೆ. ಬಿಸಿಲಿಗೆ ತಲೆ ಹೊರಬಂದಾಗ ಕೊನೆಯ ಬೈಗುಳ ಇನ್ನೂ ಬಾಯಲ್ಲಿತ್ತು.

ಕೋಸ್ತಾ ನನ್ನನ್ನು ಹಲಗೆಯ ಮೇಲೆ ಎಳೆದು ಹಾಕಿ, ಉಗುಳಿಸಿದ. ಉಗುಳಿನಲ್ಲಿ ರಕ್ತವಿದೆಯೇ ಎಂದು ನೋಡಿದ. ಎದೆಗೆ ಒಳ್ಳೆಯ ಕಿವಿಯನ್ನು ಇಟ್ಟು ಕೇಳಿದ. ಕಾಲು ಕೈ ಆಡಿಸಲು ಹೇಳಿದ. ಬಹಳ ಹೊತ್ತು ಕಾದು ನೋಡಿ, ನೆಲಕ್ಕೆ ಕುಕ್ಕರಿಸಿ, ಅಲ್ಹಮ್ದುಲಿಲ್ಲಾ ಎಂದು, ಆಮೇಲೆ ತನ್ನ ದೇವರ ಶಿಲುಬೆಯನ್ನೂ ಎದೆಯ ಮೇಲೆ ಬರೆದುಕೊಂಡ. ನನಗೆ ಏನೂ ಆಗಿರಲಿಲ್ಲ. ಬದುಕಿದ್ದೇನೆ ಎಂಬುದು ಎಷ್ಟು ಸಿಹಿ ಎಂದರೆ, ಉಸ್ಮಾನ್ ತಂದ ಕಾಫಿಯನ್ನು ಐದು ಕಪ್ಪು ಕುಡಿದೆ.

ಮಾಣಿಕಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡು ದೂರ ಕುಳಿತಿದ್ದ. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಗ ನನಗೆ ಹೊಳೆಯಿತು.

"ಉಸಿರು ಹಿಡದಿದ್ರೇನು ಭಾವ?"

ತಲೆ ಅಲ್ಲಾಡಿಸಿದ. "ಗಡಿಯಾರ ಅದ, ನಿಮ್ಗ ತೆಳಗ ಹವಾ ಅದ, ಎಲ್ಲಾ ತಿಳಿತದರಿ. ಆದ್ರ ನೀವು ಮುಳುಗಿದ್ ಕೂಡ್ಲೆ ನನ್ನ ಎದಿ ಮುಚ್ಕೊಂತು. ಎರಡ್ನೇದು ತಗೊಂಡೆ. ತಗೊಂಡಿನಿ ಅಂದ ಮ್ಯಾಲ ಜೀವ ತಡೀಲಿಲ್ಲ. ಜಗ್ಗಿದೆ, ನೀವು ಜಗ್ಗಲಿಲ್ಲ. ನನ್ಗ ರೇವಪ್ಪನೇ ಕಂಡ್ನರಿ." ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಬಿಗಿದು ಕೇಳಿದ: "ತಂಗಿಗಿ ಏನಂತ ಮಾರಿ ತೋರಸ್ಲಿ?"

ಅವನು ಅಳುತ್ತಿದ್ದ. ನೀರೊಳಗೆ ಬೈದದ್ದು ಅವನಿಗೆ ಕೇಳಿಲ್ಲವಲ್ಲ ಎಂದು ಬಸವಣ್ಣನಿಗೆ ಮನಸ್ಸಿನಲ್ಲೇ ಶರಣೆಂದೆ.

ಗುಳ್ಳೆ

ಮಾಣಿಕಪ್ಪನನ್ನು ಹಗ್ಗದಿಂದ ಬಿಡಿಸಿ, ಉಸ್ಮಾನನನ್ನು ಕೂಡಿಸು ಎಂದು ನಾನು ಕೋಸ್ತಾನಿಗೆ ಹೇಳಿದೆ. ಯಾಕೆ ಎಂದು ಕೇಳಿದ. ರೇವಪ್ಪನ ವಿಷಯವನ್ನೂ, ನಮ್ಮ ಬಾವಿಯ ಪದ್ಧತಿಯನ್ನೂ ತಿಳಿದ ಭಾಷೆಯಲ್ಲೆಲ್ಲ ಹೇಳಿದೆ. ಆವರೆಗೆ ಮಾಣಿಕಪ್ಪನ ಮೇಲೆ ಕಿರುಚಾಡುತ್ತಿದ್ದ ಕೋಸ್ತಾ ತಣ್ಣಗಾದ. ತನ್ನ ದ್ವೀಪದಲ್ಲಿ ಸ್ಪಂಜು ತೆಗೆಯಲು ಇಳಿದು ಬಾರದ ಗಂಡಸರು ಮನೆಗೊಬ್ಬರಿದ್ದಾರೆ ಎಂದ. "ನಿನ್ನ ಜೊತೆಗೆ ಉಸಿರು ಹಿಡಿಯುವವನನ್ನು ಬಿಟ್ಟು, ಕಾಫಿ ಮಾಡುವವನ ಕೈಗೆ ಹಗ್ಗ ಕೊಡುತ್ತೀಯಾ? ಹುಚ್ಚ. ಯೋಜನೆಯಲ್ಲಿ ತಪ್ಪಿದೆ. ಅವನಿಗೆ ಅದರಲ್ಲಿ ಜಾಗ ಇಡಲಿಲ್ಲ."

ಮರುದಿನ ಬೆಳಿಗ್ಗೆ ಪಾಟಿ ಒರೆಸಿ ಹೊಸದಾಗಿ ಬರೆದ. ನನ್ನ ತಲೆಯ ಮೇಲೆ ಸಣ್ಣ ಸಣ್ಣ ಸೊನ್ನೆಗಳನ್ನು ನೀರಿನ ಮೇಲ್ಮೈವರೆಗೆ ಬಿಡಿಸಿದ. ಮಾಣಿಕಪ್ಪನ ಕೈ ಹಿಡಿದು ಸೊನ್ನೆಗಳ ಮೇಲೆ ಇಟ್ಟು, "ನಫಸ್" ಎಂದ. ನಾನು ಬಿಡಿಸಿ ಹೇಳಿದೆ: "ಭಾವ, ನಾ ಉಸಿರು ಬಿಟ್ಟಾಗೆಲ್ಲ ಗುಳ್ಳಿ ಮ್ಯಾಲ ಬರ್ತಾವ. ಗುಳ್ಳಿ ಬಂದ್ವು ಅಂದ್ರ ನನ್ನ ಉಸಿರು ಬಂತು. ಆಗ ನೀವೂ ಬಿಟ್ಟು, ಹೊಸಾದು ತಗೋರಿ. ಮುಂದಿನ ಗುಳ್ಳಿ ತನಕ ಹಿಡೀರಿ. ಗುಳ್ಳಿ ಬರಲಿಲ್ಲ ಅಂದ್ರ ಎಳೀರಿ, ಯಾರ ಮಾತೂ ಕೇಳಬ್ಯಾಡ್ರಿ."

ಮಾಣಿಕಪ್ಪ ಪಾಟಿಯ ಸೊನ್ನೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. "ನಿಮ್ಮ ಕೂಡೇ ನಾನೂ ಬಿಡದು, ನಿಮ್ಮ ಕೂಡೇ ತಗೊಳದು," ಎಂದ. "ಇದು ನನ್ಗ ಆಗ್ತದರಿ."

ನಾನು ಇಳಿದ ಮೇಲೆ ಅಟ್ಟಣಿಗೆಯ ಮೇಲೆ ನಡೆದದ್ದನ್ನು ಆಮೇಲೆ ಕೋಸ್ತಾನಿಂದ ಕೇಳಿ ತಿಳಿದೆ. ಮಾಣಿಕಪ್ಪ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ನೀರಿಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು, ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದಿದ್ದನಂತೆ. ಗುಳ್ಳೆ ಒಡೆದಾಗೆಲ್ಲ ಅವನ ಬೆನ್ನು ಏರಿ ಇಳಿಯುತ್ತಿತ್ತಂತೆ.

ಕೆಳಗೆ ನನ್ನ ಕೆಲಸ ನಿಧಾನವಾಯಿತು. ಬುಷ್ಷು ಚಾಚಿನ ಅಂಚಿನಲ್ಲಿ ಅರ್ಧ ಹೊರಗೆ ಚಾಚಿ ನಿಂತಿತ್ತು, ಮುಟ್ಟಿದರೆ ಹೋದಂತೆ. ಮೊದಲು ಒಂದು ಕಲ್ಲನ್ನು ಅದರ ಮುಂದೆ ಒತ್ತಿದೆ. ಆಮೇಲೆ ಹಗ್ಗ ತೂರಿಸಿದೆ. ಗಂಟು ಮಾಣಿಕಪ್ಪ ಕಲಿಸಿದ್ದು. ಬೆರಳು ಮರಗಟ್ಟಿದರೂ ಅದು ಸರಿಯಾಗಿ ಬಿತ್ತು. ಇಷ್ಟು ಹೊತ್ತಿನಲ್ಲಿ ಸೊಂಟದ ಹಗ್ಗ ಒಂದು ಸಲವೂ ಅಲುಗಲಿಲ್ಲ. ಬುಷ್ಷಿನ ಹಗ್ಗವನ್ನು ಹಾಗೇ ಬಿಟ್ಟು, ಗೋಡೆಗೆ ಮುಖ ಮಾಡಿ, ಸಣ್ಣ ಗುಳ್ಳೆಗಳನ್ನು ಮುಂದೆ ಹೋಗಲು ಬಿಟ್ಟು, ಅವುಗಳ ಹಿಂದೆ ನಾನು ಏರತೊಡಗಿದೆ.

ಮೇಲೆ ಕೋಸ್ತಾನ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಮುಗಿದಿತ್ತು. ಇಪ್ಪತ್ತೊಂದು ಆಯಿತು. ಇಪ್ಪತ್ತೆರಡಕ್ಕೆ ಕೋಸ್ತಾನ ಧೈರ್ಯ ಹೋಯಿತು. ಎಳೆ ಎಂದ. ಮಾಣಿಕಪ್ಪ ಎಳೆಯಲಿಲ್ಲ. ಕೋಸ್ತಾ ಕಿರುಚಿ, ತಾನೇ ಹಗ್ಗಕ್ಕೆ ಕೈ ಹಾಕಿದ. ಮಾಣಿಕಪ್ಪ ಮೊಣಕೈಯಿಂದ ಅವನನ್ನು ಹಿಂದಕ್ಕೆ ನೂಕಿದ. ನೀರಿನಿಂದ ಕಣ್ಣು ತೆಗೆಯದೆ, "ಉಸಿರು ಬರ್ಲಿಕತ್ತಾದ. ಯಾಕ ಎಳೀಬೇಕು?" ಎಂದ. ಕೋಸ್ತಾನಿಗೆ ಕನ್ನಡ ಎಲ್ಲಿ ತಿಳಿಯಬೇಕು? ಮಾಣಿಕಪ್ಪ ಗುಳ್ಳೆಗಳ ಕಡೆ ಬೆರಳು ತೋರಿಸಿ, "ನಫಸ್. ನಫಸ್" ಎಂದ. ಸಡಿಲಾದ ಹಗ್ಗವನ್ನು ಎರಡು ಬೆರಳಲ್ಲಿ ಒಂದೊಂದೇ ಗೇಣು ಒಳಗೆ ತೆಗೆದುಕೊಳ್ಳುತ್ತ ಕಾದ.

ನಾನು ತಲೆ ಹೊರಗೆ ಹಾಕಿದಾಗ ಎದುರಿಗೆ ಒಂದು ಗೇಣಿನಲ್ಲಿ ಅವನ ಮುಖವಿತ್ತು. ಕೋಸ್ತಾ ಹಿಂದೆ ತನ್ನ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದ, ಬಹುಶಃ ಗಡಿಯಾರವನ್ನು. ಬುಷ್ಷಿನ ಹಗ್ಗವನ್ನು ಅವನೂ ಉಸ್ಮಾನನೂ ಸೇರಿ ಎಳೆದರು. ಹದಿನೈದು ಸೇರಿನ ಕಂಚು ಹಲಗೆಯ ಮೇಲೆ ಬಂದು ಕೂತಿತು. ಇನ್ನು ಹದಿನೈದು ದಿನದಲ್ಲಿ ಪ್ರೆಸ್ಸು ಓಡುತ್ತದೆ, ಮುಂದಿನ ಹಡಗಿಗೆ ಹೊರಟರೆ ಹೆರಿಗೆಗೆ ಮುಂಚೆಯೇ ಮೈಲೂರು ಮುಟ್ಟುತ್ತೇವೆ ಎಂದು ಲೆಕ್ಕ ಹಾಕಿ ನನಗೆ ಕುಣಿಯಬೇಕೆನಿಸಿತು. ಮಾಣಿಕಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬಾಯಿಂದ ನಳಿಕೆಯನ್ನು ತಾನೇ ತೆಗೆದ. ನಾನು ಗಾಳಿಯನ್ನು ಎಳೆದುಕೊಳ್ಳುವುದನ್ನು ನೋಡಿದ, ಬಿಡುವುದನ್ನೂ ನೋಡಿದ.

"ಇನ್ನ ನಿಮ್ದು ನೀವು ತಗೋರಿ ಅಳ್ಯಾರ," ಎಂದ. "ನಂದು ನಾ ತಗೋತೇನಿ."

ಹಲಗೆಯ ಮೇಲೆ ಅಂಗಾತ ಮಲಗಿ, ಹನ್ನೆರಡು ವರ್ಷದಿಂದ ನಿರಾಳವಾಗಿ ತೆಗೆದುಕೊಳ್ಳದ ಉಸಿರನ್ನು ಎದೆ ತುಂಬ ತೆಗೆದುಕೊಂಡ.